ಏಳನೇ ಪುಟದಲ್ಲಿ ಬ್ರಿಟನ್

ಸಿಂದಗಿಯ ನಮ್ಮ ಓಣಿಯಲ್ಲಿ ಕೆಲವರು ನನ್ನನ್ನು ಈಗಲೂ ‘ಬ್ರಿಟನ್ ಸರ್’ ಎಂದು ಕರೆಯುತ್ತಾರೆ. ನಾನು ಬ್ರಿಟನ್ ನೋಡಿದವನಲ್ಲ. ನನ್ನ ಹತ್ತಿರ ಪಾಸ್‌ಪೋರ್ಟ್ ಕೂಡ ಇಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಒಂದು ಜಿಲ್ಲಾ ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಕೊನೆಯ ಹನ್ನೆರಡು ವರ್ಷ ಏಳನೇ ಪುಟ, ಅಂದರೆ ದೇಶ-ವಿದೇಶದ ಪುಟ, ನನ್ನ ಪಾಲಿಗೆ ಬಂದಿತ್ತು. ಆ ಹನ್ನೆರಡರಲ್ಲಿ ಆರು ವರ್ಷ ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಗೆ ಹೋಗುತ್ತಲೇ ಇತ್ತು. ಹೊರಗೆ ಹೋಗುವುದು ಇಷ್ಟು ನಿಧಾನದ ಕೆಲಸ ಎಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಮದುವೆ ಮನೆಯಿಂದ ಸಿಟ್ಟಿನಲ್ಲಿ ಎದ್ದು ಹೋಗುವ ಬೀಗರು ಸಹ ನಮ್ಮಲ್ಲಿ ಚಪ್ಪಲಿ ಹುಡುಕುವಷ್ಟು ಹೊತ್ತು ಮಾತ್ರ ತೆಗೆದುಕೊಳ್ಳುತ್ತಾರೆ.

ಇದನ್ನು ಬರೆಯುತ್ತಿರುವುದು ಡೆಸ್ಕಿಗೆ ಹೊಸದಾಗಿ ಬಂದು ಕೂರುವವರಿಗಾಗಿ. ಬಡ್ತಿ, ಶಾಲು, ಸನ್ಮಾನದ ವಿಷಯ ಇದರಲ್ಲಿಲ್ಲ. ಒಂದು ತಪ್ಪಿನ ವಿಷಯ ಇದೆ. ಅದನ್ನು ತಿದ್ದಲು ನನಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಅಷ್ಟು ತಡವಾದದ್ದರಲ್ಲಿ ಅರ್ಧ ಹೊಣೆ ಬ್ರಿಟಿಷ್ ಸಂಸತ್ತಿನದು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಮೊದಲು ನಮ್ಮ ಕೆಲಸದ ರೀತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಗೆ ಹೋಗುವ ಆವೃತ್ತಿ ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಬಂಡಲುಗಳು ತಾಲ್ಲೂಕು ಊರಿಗೆ ಹೋಗಿ, ಅಲ್ಲಿಂದ ಆಲಮೇಲ, ಮೋರಟಗಿಯ ಬಸ್ ಹತ್ತಬೇಕು. ಬಸ್ಸು ನಮಗಾಗಿ ಕಾಯುವುದಿಲ್ಲ. ನಾವು ಪುಟ ಮುಚ್ಚುವಾಗ ಲಂಡನ್ನಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಲ್ಲಿಯ ಸಂಸತ್ತು ಮತ ಹಾಕುವುದು ಅವರ ಸಂಜೆಗೆ. ಹೀಗಾಗಿ ಮತದಾನ ಇದ್ದ ದಿನಗಳಲ್ಲೆಲ್ಲ ನಮ್ಮ ಓದುಗರಿಗೆ ಸಿಗುತ್ತಿದ್ದದ್ದು ‘ಇಂದು ನಿರ್ಣಾಯಕ ಮತ’. ಮರುದಿನ ‘ಪ್ರಧಾನಿಗೆ ಸೋಲು’. ಅದರ ಮರುದಿನ ಮತ್ತೆ ‘ಇಂದು ನಿರ್ಣಾಯಕ ಮತ’. ಆ ಪದವನ್ನು ನಾನು ಎಷ್ಟು ಸಲ ಬಳಸಿದೆನೆಂದರೆ, ನಮ್ಮ ಸಂಪಾದಕರಾದ ದೇಸಾಯಿ ಸರ್ ಒಂದು ದಿನ ಕೆಂಪು ಪೆನ್ನಿನಿಂದ ಅದಕ್ಕೆ ಗುಂಡು ಸುತ್ತಿ, “ಈ ವರ್ಷದ್ದು ನಿನ್ನ ಕೋಟಾ ಮುಗೀತು” ಎಂದರು.

ದೇಸಾಯಿ ಸರ್ ಟೆಲಿಪ್ರಿಂಟರ್ ಕಾಲದಿಂದ ಬಂದವರು. ನಾನು ಸೇರಿದಾಗ ಸುದ್ದಿ ಒಂದು ಯಂತ್ರದಿಂದ ಉದ್ದನೆಯ ಕಾಗದದ ಸುರುಳಿಯಾಗಿ ಇಳಿಯುತ್ತಿತ್ತು. ಹರಿದು, ಮೊಳೆಗೆ ಚುಚ್ಚಿ, ಬೇಕಾದದ್ದನ್ನು ಕನ್ನಡಕ್ಕೆ ತರುವುದು. ಆಮೇಲೆ ಕಂಪ್ಯೂಟರ್ ಬಂತು, ಕೊನೆಗೆ ಎಲ್ಲವೂ ಫೋನಿನಲ್ಲೇ ಬಂತು. ಏನೇ ಬದಲಾದರೂ ಅವರ ಒಂದು ಪ್ರಶ್ನೆ ಬದಲಾಗಲಿಲ್ಲ. ವಿದೇಶದ ಯಾವ ಸುದ್ದಿ ತೋರಿಸಿದರೂ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು:

“ಇದನ್ನ ಮೋರಟಗಿಯವ ಯಾಕ ಓದಬೇಕು?”

ಉತ್ತರ ಇದ್ದರೆ ಸುದ್ದಿ ಮೇಲೆ ಹೋಗುತ್ತಿತ್ತು. ಇಲ್ಲದಿದ್ದರೆ ಕೆಳಗೆ, ಒಂದು ಕಾಲಂ.

ಬ್ರಿಟನ್ ಜನ ಹೊರಗೆ ಹೋಗಬೇಕೆಂದು ಮತ ಹಾಕಿದ ಫಲಿತಾಂಶ ನಮ್ಮ ಹಗಲಿನಲ್ಲೇ ಬಂತು. ಅಪರೂಪಕ್ಕೆ ನಾಲ್ಕು ತಾಲ್ಲೂಕಿನ ಓದುಗರೂ ಜಗತ್ತಿನ ಜೊತೆಗೇ ತಿಳಿಯುವ ಅವಕಾಶ. ಉತ್ಸಾಹದಿಂದ ಶೀರ್ಷಿಕೆ ಕೊಟ್ಟೆ: ‘ಯುರೋಪ್ ಒಕ್ಕೂಟಕ್ಕೆ ಬ್ರಿಟನ್ ವಿದಾಯ’.

“ವಿದಾಯ ಅಂದಿ. ಹೋದ್ರೇನು?” ಎಂದರು ದೇಸಾಯಿ ಸರ್.

“ಇಲ್ರಿ ಸರ್. ಹೋಗಬೇಕಂತ ಜನ ಹೇಳ್ಯಾರ.”

“ಹಂಗಾದ್ರ ಚೀಲ ತುಂಬಾಕತ್ತಾರ. ಎಷ್ಟ ದಿನ ತುಂಬತಾರ?”

“ಎರಡು ವರ್ಷ ಅಂತ್ರಿ.”

ಅವರು ಪೆನ್ನು ಕೆಳಗಿಟ್ಟು ನಕ್ಕರು. “ಎರಡ ವರ್ಷ ಚೀಲ ತುಂಬೂ ಮನಿಷ್ಯಾ ಹೋಗಂಗಿಲ್ಲೋ. ಹೆಂಡ್ತಿ ಬಂದು ಕೈ ಹಿಡೀಲಿ ಅಂತ ಕುಂತಾನ.”

ಆ ಶೀರ್ಷಿಕೆ ಹಾಗೆಯೇ ಹೋಯಿತು. ಅದು ನನ್ನ ಮೊದಲ ತಪ್ಪು, ಆದರೆ ಸಣ್ಣದು. ದೊಡ್ಡದು ಮುಂದೆ ಕಾದಿತ್ತು.

ಹೊರಗೆ ಹೋಗಲು ನಿಗದಿಯಾದ ಗಡುವು 2019ರ ಮಾರ್ಚ್ ತಿಂಗಳ ಕೊನೆ. ಅದಕ್ಕೆ ಎರಡು ತಿಂಗಳು ಉಳಿದಿದ್ದಾಗ ಅಲ್ಲಿಯ ಪ್ರಧಾನಿ ಯುರೋಪಿನವರ ಜೊತೆ ಮಾಡಿಕೊಂಡು ಬಂದಿದ್ದ ಒಪ್ಪಂದವನ್ನು ಸಂಸತ್ತು ಒದ್ದು ಹಾಕಿತು. ಒದ್ದವರಲ್ಲಿ ಪ್ರಧಾನಿಯ ಸ್ವಂತ ಪಕ್ಷದವರೇ ನೂರಕ್ಕೂ ಹೆಚ್ಚು. ಒಪ್ಪಂದ ಮೆತ್ತಗಾಯಿತು ಎಂದು ಕೆಲವರು, ಗಟ್ಟಿಯಾಯಿತು ಎಂದು ಕೆಲವರು. ವಿರೋಧ ಪಕ್ಷ ಇರಬೇಕೆನ್ನುತ್ತದೋ ಹೋಗಬೇಕೆನ್ನುತ್ತದೋ ಎಂದು ತಿಳಿಯಲು ನಾನು ಅವರ ಹೇಳಿಕೆಯನ್ನು ಮೂರು ಸಲ ಓದಿ, ಕೊನೆಗೆ ‘ವಿರೋಧ ಪಕ್ಷದಿಂದಲೂ ಪ್ರತಿಕ್ರಿಯೆ’ ಎಂದಷ್ಟೇ ಬರೆದು ಸುಮ್ಮನಾದೆ.

ಇದನ್ನೆಲ್ಲ ಮೋರಟಗಿಯವ ಯಾಕೆ ಓದಬೇಕು? ಯೋಚಿಸುತ್ತ ಕುಳಿತಾಗ ಹೊಳೆಯಿತು: ದ್ರಾಕ್ಷಿ. ನಮ್ಮ ಕಡೆಯ ದ್ರಾಕ್ಷಿ ಹಡಗು ಹತ್ತಿ ಯುರೋಪಿಗೂ ಬ್ರಿಟನ್ನಿಗೂ ಹೋಗುತ್ತದೆ. ಫೆಬ್ರುವರಿಯಲ್ಲಿ ಕಡಿದದ್ದು ತಲುಪುವುದು ಮಾರ್ಚ್ ಕೊನೆಗೆ, ಸರಿಯಾಗಿ ಗಡುವಿನ ಹೊತ್ತಿಗೆ. ಬಂದರಿನಲ್ಲಿ ಲಾರಿಗಳು ಸಾಲುಗಟ್ಟಬಹುದು ಎಂದು ಸುದ್ದಿಸಂಸ್ಥೆಯ ಒಂದು ವರದಿಯಲ್ಲಿತ್ತು. ಅಷ್ಟೇ ಆಧಾರ. ಒಬ್ಬ ರಫ್ತುದಾರನಿಗೂ ಫೋನ್ ಮಾಡಲಿಲ್ಲ. ನಾಲ್ಕು ಕಾಲಂ ಬರೆದು ಮೇಲೆ ಕಟ್ಟಿದೆ: ‘ಮಾರ್ಚ್ ಕೊನೆಗೆ ಬ್ರಿಟನ್ ಬಾಗಿಲು ಬಂದ್, ನಮ್ಮ ದ್ರಾಕ್ಷಿಗೆ ಕುತ್ತು’.

ನಾನು ಬರೆದ ವರದಿಯ ಕೊನೆಯ ಪ್ಯಾರಾದಲ್ಲಿ ಒಂದು ಮಾತಿತ್ತು. ಒಪ್ಪಂದ ಕುದುರಿದರೆ ಅಥವಾ ಗಡುವು ಮುಂದೆ ಹೋದರೆ ಯಾವ ಬದಲಾವಣೆಯೂ ಆಗುವುದಿಲ್ಲ, ದ್ರಾಕ್ಷಿ ಎಂದಿನಂತೆ ಹೋಗುತ್ತದೆ ಎಂದು. ಸಂಜೆ ಆರೂವರೆಗೆ ಜಾಹೀರಾತು ವಿಭಾಗದಿಂದ ಇಂಡಿ ಕಡೆಯ ಒಬ್ಬ ಮುಖಂಡರ ಹುಟ್ಟುಹಬ್ಬದ ಶುಭಾಶಯ ಬಂತು. ಜಾಗ ಬೇಕು. ನಮ್ಮಲ್ಲಿ ಸುದ್ದಿ ಕತ್ತರಿಸುವುದು ಯಾವಾಗಲೂ ಬಾಲದಿಂದ. ಪುಟ ಕಟ್ಟುವವನು “ಸರ್, ಕೊನಿ ಪ್ಯಾರಾ ಹಾರಸ್ಲ್ಯಾ?” ಎಂದ. ನಾನು ಗಡಿಯಾರ ನೋಡಿ “ಹಾರಸು” ಎಂದೆ. ಮುಖಂಡರು ಕೈಮುಗಿದು ನಿಂತರು, ‘ಒಪ್ಪಂದ ಕುದುರಿದರೆ’ ಎಂಬ ಮಾತು ಅವರ ಮುಂಡಾಸಿನ ಕೆಳಗೆ ಮುಚ್ಚಿಹೋಯಿತು.

ಮರುದಿನ ದೇಸಾಯಿ ಸರ್ ಮೆಚ್ಚಿದರು. “ಇದು ನೋಡು, ಮೋರಟಗಿಯವ ಓದೂ ಸುದ್ದಿ.”

ಅದನ್ನು ಮೋರಟಗಿಯವರು ಓದಿದರೋ ಇಲ್ಲವೋ ಗೊತ್ತಿಲ್ಲ. ಮುಳವಾಡದ ಆಚೆಯ ಒಂದು ಹಳ್ಳಿಯಲ್ಲಿ ಮಹಾದೇವಿ ಎಂಬ ಹೆಣ್ಣುಮಗಳು ಓದಿದರು.

ಗಡುವಿನ ದಿನ ಬಂತು, ಹೋಯಿತು. ಬ್ರಿಟನ್ ಹೋಗಲಿಲ್ಲ. ಇನ್ನಷ್ಟು ದಿನ ಕೇಳಿಕೊಂಡರು, ಯುರೋಪಿನವರು ಕೊಟ್ಟರು. ಏಪ್ರಿಲ್ ಮೊದಲ ವಾರ, ಮಧ್ಯಾಹ್ನ ಮೂರರ ಸುಮಾರಿಗೆ, ಇಳಕಲ್ ಸೀರೆ ಉಟ್ಟ, ನಲವತ್ತೈದರ ಆಸುಪಾಸಿನ ಹೆಣ್ಣುಮಗಳು ಡೆಸ್ಕಿಗೆ ಬಂದರು. ಒಂದು ಕೈಯಲ್ಲಿ ನಮ್ಮ ಪತ್ರಿಕೆಯ ಕತ್ತರಿಸಿದ ತುಂಡು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ.

“ಏಳನೇ ಪುಟ ಬರಿಯವ್ರು ಯಾರ್ರೀ?”

“ನಾನೇ. ಕುಂಡ್ರಿ ಅಕ್ಕಾರ.”

ಕೂರಲಿಲ್ಲ. ಚೀಲ ಬಿಚ್ಚಿ ನನ್ನ ಟೇಬಲ್ಲಿನ ಮೇಲೆ ಒಂದು ಬೊಗಸೆ ಒಣದ್ರಾಕ್ಷಿ ಸುರಿದರು.

“ತಿನ್ರಿ. ಇದು ಇಂಗ್ಲೆಂಡಿಗೆ ಹೋಗೂದಿತ್ತು.”

ನಾನು ಒಂದು ಕೈಗೆ ತೆಗೆದುಕೊಂಡೆ, ಬಾಯಿಗೆ ಹಾಕಲು ಧೈರ್ಯವಾಗಲಿಲ್ಲ. ಅವರು ನಿಂತೇ ಹೇಳಿದರು. ಗಂಡ ಮುದ್ದೇಬಿಹಾಳದಲ್ಲಿ ಶಾಲೆಯ ಮಾಸ್ತರರು, ಊರಿಗೆ ಬರುವುದು ವಾರಕ್ಕೊಮ್ಮೆ. ಹೊಲ ನೋಡುವವರು ಇವರೇ. ಏತ ನೀರಾವರಿಯ ಕಾಲುವೆ ಬಂದ ಮೇಲೆ ಬಾವಿಯಲ್ಲಿ ನೀರು ನಿಂತಿತ್ತು, ದ್ರಾಕ್ಷಿ ಪಡ, ಅಂದರೆ ತೋಟ, ಹಾಕಿದ್ದರು. ಅವರ ಊರಲ್ಲಿ ಎಲ್ಲರೂ ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುವವರು. ಇವರೊಬ್ಬರು ಮಾತ್ರ ಹಟ ಹಿಡಿದು, ರಫ್ತಿಗೆ ಹೆಸರು ನೋಂದಾಯಿಸಿ, ಗೊಂಚಲು ಗೊಂಚಲಿಗೆ ಕತ್ತರಿ ಹಿಡಿದು ಒತ್ತಾದ ಕಾಳು ವಿರಳ ಮಾಡಿಸಿ, ಔಷಧದ ಅಂಶ ಉಳಿದಿದೆಯೇ ಎಂಬ ಹಣ್ಣಿನ ಪರೀಕ್ಷೆಯನ್ನೂ ಪಾಸು ಮಾಡಿಸಿದ್ದರು. ಅವರ ಮೈದುನ ಶಿವಪ್ಪ, ಪಕ್ಕದ ಹೊಲದವನು, ವರ್ಷವಿಡೀ “ವೈನಿ ಇಂಗ್ಲೆಂಡಿಗೆ ಹೊಂಟಾರ” ಎಂದು ನಗುತ್ತಿದ್ದನಂತೆ.

“ರಫ್ತಿನವ್ರು ಕಡಿಯಾಕ ಬರೂ ದಿನ ಗೊತ್ತಾಗಿತ್ರಿ. ನಾಲ್ಕ ದಿನ ಮೊದಲ ನಿಮ್ಮ ಪೇಪರ್ ಬಂತು. ಬಾಗಿಲು ಬಂದ್ ಅಂತ ಬರದೀರಿ. ಹಣ್ಣ ಹಡಗಿನ್ಯಾಗ ಕೊಳೀತೈತಿ ಅಂತ ನನ್ನ ಕೈ ಕಾಲ ಆಡಲಿಲ್ಲ. ರಫ್ತಿನವಂಗ ಬ್ಯಾಡ ಅಂದ್ನಿ. ಅಷ್ಟೂ ಕಡದು ಶೆಡ್ಡಿಗೆ ಹಾಕಿದ್ನಿ.”

ದ್ರಾಕ್ಷಿಯನ್ನು ಒಮ್ಮೆ ಎಣ್ಣೆಯ ದ್ರಾವಣದಲ್ಲಿ ಅದ್ದಿ ಜಾಳಿಗೆಯ ಮೇಲೆ ಹರಡಿದರೆ ಮುಗಿಯಿತು. ಅದನ್ನು ಮತ್ತೆ ಹಣ್ಣು ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲ.

“ನುಕ್ಸಾನ ಕೇಳಾಕ ಬಂದಿಲ್ರಿ ನಾನು,” ಎಂದರು. “ಮಣೂಕ ಮಾರ್ಯಾವ. ಆದ್ರ ಊರಾಗ ಏನಂತಾರ ಗೊತ್ತೈತಿ? ಹೆಣ್ಣಮಗಳು, ಕೊನಿಗೆ ಹೆದರಿ ಹಿಂದ ಸರದ್ಲು ಅಂತಾರ. ನಮ್ಮ ಮೈದುನ ಬಾವಿ ಮ್ಯಾಲ ಕುಂತು ಅದನ್ನ ದಿನಾ ಹೇಳ್ತಾನ. ನಾ ಹೆದರಿಲ್ರಿ. ಪೇಪರ್ ನಂಬಿದ್ನಿ. ನಿಮ್ಮ ಪೇಪರ್ ತಪ್ಪಾತು ಅಂತ ನೀವು ಬರೀರಿ. ಇದ ಪುಟ, ಇಷ್ಟ ದೊಡ್ಡದು.” ಕತ್ತರಿಸಿದ ತುಂಡನ್ನು ಟೇಬಲ್ಲಿನ ಮೇಲೆ ಹರಡಿ ಅಂಗೈಯಿಂದ ಸಾಪು ಮಾಡಿದರು.

ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತಿದ್ದದ್ದು ಎರಡನೇ ಪುಟದ ಬುಡದಲ್ಲಿ, ಪೇಟೆ ಧಾರಣೆಯ ಪಕ್ಕ, ಎರಡು ಸಾಲು. ಅದನ್ನು ಓದಲು ಭೂತಗನ್ನಡಿ ಬೇಕು. ನಾಲ್ಕು ಕಾಲಂ ತಿದ್ದುಪಡಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ದೇಸಾಯಿ ಸರ್ ಹತ್ತಿರ ಹೋದೆ. ಅವರು ಒಣದ್ರಾಕ್ಷಿ ತಿನ್ನುತ್ತ ಎಲ್ಲ ಕೇಳಿದರು.

“ತಪ್ಪಾತು ಅಂತ ಹ್ಯಾಂಗ ಬರಿಯೂದು? ಅವ್ರು ಇನ್ನಾ ಹೋಗೂದು ಬಾಕಿ ಐತಿ. ಇವತ್ತ ತಿದ್ದುಪಡಿ ಹಾಕಿ, ಮುಂದಿನ ವಾರ ಅವ್ರು ಹೋಗಿ ಬಾಗಿಲು ಹಾಕಿದ್ರ? ತಿದ್ದುಪಡಿಗೇ ತಿದ್ದುಪಡಿ ಹಾಕ್ತಿ? ತಡಿ. ಹೋಗ್ಲಿ. ಹೋದ ಮ್ಯಾಲ ನೋಡೂಣು.”

ಮಾತಿನಲ್ಲಿ ತರ್ಕವಿತ್ತು. ನನಗೂ ಅದು ಹಿತವಾಗಿತ್ತು ಎಂದು ಇಲ್ಲಿ ದಾಖಲಿಸಬೇಕು. ಬ್ರಿಟನ್ ಬೇಗ ಹೋಗಿ, ಬಾಗಿಲು ಹಾಕಿಕೊಂಡು, ನನ್ನ ಶೀರ್ಷಿಕೆಯನ್ನು ನಿಜ ಮಾಡಿಬಿಟ್ಟರೆ ಸಾಕು ಎಂದು ನಾನು ಒಳಗೊಳಗೇ ಕಾಯತೊಡಗಿದೆ. ನಾಲ್ಕು ತಾಲ್ಲೂಕಿನಲ್ಲಿ ಬ್ರಿಟಿಷ್ ಸಂಸತ್ತಿನ ನಡಾವಳಿಗಾಗಿ ಊಟ ಸೇರದೆ ಒದ್ದಾಡಿದವನು ಬಹುಶಃ ನಾನೊಬ್ಬನೇ.

ಆ ಸಂಸದರು ನನಗೆ ಸಹಾಯ ಮಾಡಲಿಲ್ಲ. ಗಡುವು ಮುಗಿಯುವ ಮುಂಚೆ ಒಂದು ದಿನ ಎಂಟು ದಾರಿಗಳನ್ನು ಮುಂದಿಟ್ಟುಕೊಂಡು ಮತ ಹಾಕಿ ಎಂಟಕ್ಕೂ ಬೇಡ ಎಂದಿದ್ದರು. ಒಪ್ಪಂದ ಮಾಡಿಕೊಂಡು ಹೋಗುವುದು ಬೇಡ, ಒಪ್ಪಂದವಿಲ್ಲದೆ ಹೋಗುವುದು ಬೇಡ, ಇರುವುದೂ ಬೇಡ. ನಾನು ಪತ್ರಿಕೆಗೆ ಹೊಸಬನಾಗಿದ್ದಾಗ ಪಂಚಾಯಿತಿ ಸಭೆಗಳ ವರದಿ ಮಾಡಿದವನು. ಅಲ್ಲಿಯೂ ಜಗಳವಾಗುತ್ತದೆ, ಕುರ್ಚಿ ಹಾರುತ್ತದೆ. ಆದರೆ ಕೊನೆಗೆ ಚಹಾ ಬಂದಾಗ ಏನಾದರೊಂದು ಠರಾವು ಆಗುತ್ತದೆ, ಕನಿಷ್ಠ ಬೀದಿದೀಪದ್ದು. ಇವರಿಗೆ ಚಹಾದ ದೇಶ ಎಂಬ ಹೆಸರಿದ್ದೂ ಅದು ಆಗಲಿಲ್ಲ.

ಮಹಾದೇವಿ ಅಕ್ಕ ನನ್ನ ನಂಬರ್ ಬರೆದುಕೊಂಡು ಹೋಗಿದ್ದರು. ಬಾಗೇವಾಡಿಯ ಸೋಮವಾರದ ಸಂತೆ ಮುಗಿಸಿ ಬಸ್ಸಿಗೆ ನಿಂತಾಗ ಫೋನ್ ಮಾಡುತ್ತಿದ್ದರು. ನಮಸ್ಕಾರ ಇಲ್ಲ, ಆರೋಗ್ಯ ವಿಚಾರಣೆ ಇಲ್ಲ.

“ಹೋದ್ರೇನ್ರಿ?”

“ಇಲ್ರಿ ಅಕ್ಕಾರ. ಅಕ್ಟೋಬರ್ ತನಕ ವೇಳೆ ಕೇಳ್ಯಾರ.”

“ಪ್ರಧಾನಿ ಏನಂತಾರ?”

“ಪ್ರಧಾನಿ ಬದಲಾದ್ರು ಅಕ್ಕಾರ.”

“ಹೊಸಬ್ರು ಹೋಗ್ತಾರಂತೇನು?”

“ಸತ್ತರೂ ಹೋಗ್ತೇನಿ ಅಂತ ಹೇಳ್ಯಾರ.”

“ಅಂದ್ರ ಹೋಗಂಗಿಲ್ಲ,” ಎನ್ನುತ್ತಿದ್ದರು. “ನಮ್ಮ ಮೈದುನನೂ ಮನಿ ಬಿಡುವಾಗ ಹಿಂಗ ಅಂತಿದ್ದ.” ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು, ಫೋನ್ ಬಂದ್. ಅಕ್ಟೋಬರ್ ಮುಗಿಯಿತು. ಅವರ ಅಂದಾಜೇ ನಿಜವಾಯಿತು. ಸುದ್ದಿಸಂಸ್ಥೆಯ ರಾಜಕೀಯ ವಿಶ್ಲೇಷಕರ ಬದಲು ಇವರನ್ನೇ ಕೇಳಿ ಬರೆಯಬಾರದೇಕೆ ಎಂದು ಆಗಲೇ ನನಗೆ ಅನಿಸತೊಡಗಿದ್ದು.

ಒಮ್ಮೆ ಹಾಗೆಯೇ ಮಾಡಿದೆ. ಬ್ರಿಟನ್ ಹೊರಹೋಗುವುದಕ್ಕೆ ಉತ್ತರ ಐರ್ಲೆಂಡ್ ದೊಡ್ಡ ತೊಡಕಾಗಿತ್ತು. ಅದು ಬ್ರಿಟನ್ನಿಗೆ ಸೇರಿದ ನೆಲ, ಆದರೆ ಬೇಲಿಯಿಲ್ಲದೆ ಪಕ್ಕದ ಐರ್ಲೆಂಡಿಗೆ ಅಂಟಿಕೊಂಡಿದೆ, ಆ ಐರ್ಲೆಂಡ್ ಯುರೋಪ್ ಒಕ್ಕೂಟದಲ್ಲೇ ಉಳಿಯುತ್ತದೆ. ಗಡಿ ಎಲ್ಲಿ ಹಾಕುವುದು? ಇದನ್ನು ಕನ್ನಡದಲ್ಲಿ ತಿಳಿಯುವಂತೆ ಬರೆಯಲು ನಾಲ್ಕು ಸಲ ಯತ್ನಿಸಿ ಸೋತಿದ್ದೆ. ಒಂದು ಸೋಮವಾರ ಅವರಿಗೇ ಹೇಳಿಕೊಂಡೆ.

“ಇದರಾಗ ತಿಳೀಲಾರದ್ದು ಏನೈತ್ರಿ ಅಣ್ಣಾರ? ನಾವು ಮೈದುನಾ ಪಾಲಾಗಿ ಹನ್ನೊಂದ ವರ್ಷ ಆತು. ಹೊಲ ಹಂಚಿದ್ವಿ, ದನಾ ಹಂಚಿದ್ವಿ, ನಡುವ ಗ್ವಾಡಿ ಹಾಕಿದ್ವಿ. ಬಾವಿ ಹ್ಯಾಂಗ ಹಂಚತೀರಿ? ಬಾವಿ ನನ್ನ ಹೊಲದಾಗ ಐತಿ, ಅವನ ಪೈಪ್ ನನ್ನ ಬಳ್ಳಿ ಬುಡಕ್ಕ ಹಾದು ಹೋಗ್ತೈತಿ. ಹಂಗಂತ ಗ್ವಾಡಿ ಬಾವಿ ಮ್ಯಾಲ ಕಟ್ಟಾಕ ಬರ್ತೈತೇನು? ನಾಲ್ಕ ದಿನ ನನ್ನ ಪಾಳಿ, ನಾಲ್ಕ ದಿನ ಅವನ ಪಾಳಿ. ಮಾತು ಬಿಟ್ಟ ವರ್ಷನೂ ಪಾಳಿ ಬಿಟ್ಟಿಲ್ಲ.”

ಅದನ್ನು ಹೆಸರಿಲ್ಲದೆ, ಚೌಕಟ್ಟು ಹಾಕಿ, ಏಳನೇ ಪುಟದಲ್ಲಿ ಕೊಟ್ಟೆ: ‘ಪಾಲಾದ ಮನೆ, ಪಾಲಾಗದ ಬಾವಿ’. ಆರು ವರ್ಷದಲ್ಲಿ ಬ್ರಿಟನ್ ಬಗ್ಗೆ ಓದುಗರಿಂದ ಪತ್ರ ಬಂದದ್ದು ಅದಕ್ಕೆ ಮಾತ್ರ. ಮೋರಟಗಿಯಿಂದ ಒಬ್ಬ ನಿವೃತ್ತ ಮುಖ್ಯಗುರುಗಳು ಪೋಸ್ಟ್ ಕಾರ್ಡಿನಲ್ಲಿ, ‘ಈ ವಿಷಯ ಮೊದಲ ಸಲ ತಿಳಿಯಿತು. ಪಾಳಿಯ ವ್ಯವಸ್ಥೆಯನ್ನು ಲಂಡನ್ನಿಗೆ ಯಾರಾದರೂ ತಿಳಿಸಬಹುದೇ?’ ಎಂದು ಕೇಳಿದ್ದರು. ದೇಸಾಯಿ ಸರ್ ಆ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಅಂಟಿಸಿದರು. “ಕಡೀಕೂ ಮೋರಟಗಿಯವ ಓದಿದ ನೋಡು.”

ಇದರ ಲಾಭ ನನಗೆ ಸಿಕ್ಕಿತು, ಮಹಾದೇವಿ ಅಕ್ಕನಿಗಲ್ಲ. ಅವರ ತಿದ್ದುಪಡಿ ಬಾಕಿಯೇ ಇತ್ತು.

ಮುಂದಿನ ಜನವರಿಯ ಕೊನೆಗೆ ಬ್ರಿಟನ್ ಕೊನೆಗೂ ಹೊರಬಂತು. ‘ಹೊರಬಂತು’ ಎಂದು ಬರೆಯುವ ಮೊದಲು ಸುದ್ದಿಯನ್ನು ಎರಡು ಕಡೆ ತಾಳೆ ನೋಡಿದೆ. ಸೋಮವಾರ ಫೋನ್ ಬಂತು.

“ಖರೇ ಹೋದ್ರೊ?”

“ಹೋದ್ರು ಅಕ್ಕಾರ. ಆದ್ರ ಡಿಸೆಂಬರ್ ತನಕ ಎಲ್ಲಾ ಮೊದಲಿನಂಗೇ ಇರ್ತೈತಂತ.”

“ಅಂದ್ರ ಮನಿ ಬಿಟ್ಟಾರ, ಊಟಕ್ಕ ಇಲ್ಲೇ ಬರ್ತಾರ.” ನಕ್ಕರು. ಆ ವರ್ಷ ಅವರು ಪತ್ರಿಕೆಯನ್ನು ಕೇಳದೆ ರಫ್ತಿನವನಿಗೆ ಫೋನ್ ಮಾಡಿ ಕಡಿಸಿದರು. ಲಾಕ್‌ಡೌನ್ ಬರುವ ಮೊದಲೇ ಹಣ್ಣು ಹಡಗು ಹತ್ತಿತ್ತು. ಬಾಗಿಲು ತೆರೆದೇ ಇತ್ತು.

ಈಗಲಾದರೂ ಊರು ಬಾಯಿ ಮುಚ್ಚಿತೆಂದು ನಾನು ತಿಳಿದಿದ್ದೆ. ಶಿವಪ್ಪ ಹೊಸ ಮಾತು ಕಟ್ಟಿದ್ದನಂತೆ: “ಇಂಗ್ಲೆಂಡ್‌ದವ್ರು ಮನ್ಯಾಗ ಇದ್ದಾಗ ವೈನಿಗೆ ಅಂಜಿಕಿ. ಅವ್ರು ಹೋದ ಮ್ಯಾಲ ಧೈರ್ಯ ಬಂತು.” ಅದನ್ನು ಹೇಳುವಾಗ ಅಕ್ಕನ ದನಿಯಲ್ಲಿ ನಗು ಇರಲಿಲ್ಲ. “ಮೊದಲನೇ ವರ್ಷ ನಂದು ಹೋತ್ರಿ ಅಣ್ಣಾರ. ಈ ಭಾಗದಾಗ ಮೊದಲ ಕಳಿಸಿದಾಕಿ ನಾ ಆಗೂದಿತ್ತು. ನಾ ಶೆಡ್ಡಿಗೆ ಹಾಕಿದ ಮರು ವಾರ ಕೊಲ್ಹಾರ ಕಡೆಯವರೊಬ್ರು ಕಳಿಸಿದ್ರು. ನೀವು ಎರಡ ಸಾಲ ಬರೀಲಿಲ್ಲ.”

ಮತ್ತೆ ದೇಸಾಯಿ ಸರ್ ಬಾಗಿಲಿಗೆ ಹೋದೆ. ಡಿಸೆಂಬರ್ ಆಗಲಿ ಎಂದರು. ಡಿಸೆಂಬರ್ ಆಯಿತು, ಹೊಸ ಕಾಗದಪತ್ರ ಬಂದವು, ದ್ರಾಕ್ಷಿ ಹೋಗುತ್ತಲೇ ಇತ್ತು. ಐರ್ಲೆಂಡ್ ಲೆಕ್ಕ ಮುಗಿಯಲಿ ಎಂದರು. ಅದು ಮುಗಿಯುವ ಲಕ್ಷಣವೇ ಇರಲಿಲ್ಲ. ಅವರನ್ನಷ್ಟೇ ದೂರುವುದು ಸರಿಯಲ್ಲ. ಪುಟ ನನ್ನ ಕೈಯಲ್ಲೇ ಇತ್ತು. ಮನಸ್ಸು ಮಾಡಿದ್ದರೆ ಒಂದು ಸಂಜೆ ಆರೂ ಐವತ್ತೈದಕ್ಕೆ ಹಾಕಿಬಿಡಬಹುದಿತ್ತು. ಸಂಪಾದಕರ ‘ತಡಿ’ ಎಂಬ ಮಾತಿನ ಹಿಂದೆ ನಾನು ಆರಾಮವಾಗಿ ನಿಂತಿದ್ದೆ. ಬ್ರಿಟನ್ನಿನ ಪಕ್ಷಗಳು ಗಡುವು ಮುಂದೂಡಿದಾಗ ವ್ಯಂಗ್ಯವಾಗಿ ಶೀರ್ಷಿಕೆ ಕೊಟ್ಟವನು ನಾನೇ.

ನನ್ನ ಕೊನೆಯ ವರ್ಷ ಬ್ರಿಟನ್ನಿನಲ್ಲಿ ಒಂದೇ ವರ್ಷದೊಳಗೆ ಮೂವರು ಪ್ರಧಾನಿಗಳಾದರು. ಎಲ್ಲರೂ ಒಂದೇ ಪಕ್ಷದವರು. ನಡುವಿನವರಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಅವರು ರಾಜೀನಾಮೆ ಕೊಟ್ಟ ದಿನ ಬೆಳಿಗ್ಗೆಯಷ್ಟೇ ‘ಪ್ರಧಾನಿ ದೃಢ ನಿಲುವು’ ಎಂಬ ನನ್ನ ಶೀರ್ಷಿಕೆ ಸಿಂದಗಿ ಬಸ್ಸಿನಲ್ಲಿ ಹೊರಟಿತ್ತು. ಮೂರನೆಯವರ ಮನೆತನದ ಬೇರು ನಮ್ಮ ದೇಶದ್ದು ಎಂದು ಗೊತ್ತಾದಾಗ ನಾಲ್ಕು ತಾಲ್ಲೂಕಿನಲ್ಲೂ ಸಂಭ್ರಮ. ಹಿಂದೆ ನನ್ನ ಕೊನೆಯ ಪ್ಯಾರಾ ನುಂಗಿದ್ದ ಅದೇ ಮುಖಂಡರಿಂದ ಅರ್ಧ ಪುಟದ ಜಾಹೀರಾತು ಬಂತು: ಬ್ರಿಟನ್ನಿನ ನೂತನ ಪ್ರಧಾನಿಗೆ ಹಾರ್ದಿಕ ಅಭಿನಂದನೆ. ಪ್ರಧಾನಿಯ ಫೋಟೊ ಅಂಚೆಚೀಟಿಯಷ್ಟು, ಮುಖಂಡರದ್ದು ಆಳೆತ್ತರ, ಕೆಳಗೆ ಅಭಿಮಾನಿ ಬಳಗದ ಇಪ್ಪತ್ತು ಮುಖ.

“ಸರ್, ಏಳನೇ ಪುಟದಾಗ ಜಾಗ ಬೇಕು. ಸುದ್ದಿ ಕೊನಿ ಪ್ಯಾರಾ ಹಾರಸ್ಲ್ಯಾ?” ಎಂದು ಪುಟ ಕಟ್ಟುವವನು ಕೇಳಿದ.

ಆ ಪ್ಯಾರಾ ಓದಿದೆ. ‘ಪಕ್ಷದ ಬೆಂಬಲ ಉಳಿದರೆ’ ಎಂದು ಶುರುವಾಗಿತ್ತು.

“ಮ್ಯಾಲಿಂದು ತಗಿ,” ಎಂದೆ. “ಬಾಲ ಮುಟ್ಟಬ್ಯಾಡ.”

ಹೊಸಬರಿಗೆ ಹೇಳುವುದು ಇಷ್ಟೇ. ‘ಆದರೆ’, ‘ಒಂದು ವೇಳೆ’ ಎಂಬ ಮಾತುಗಳನ್ನು ಸುದ್ದಿಯ ತಲೆಗೇ ಕಟ್ಟಿ. ಬಾಲದಲ್ಲಿಟ್ಟರೆ ಯಾರದೋ ಹುಟ್ಟುಹಬ್ಬಕ್ಕೆ ಅದು ಬಲಿಯಾಗುತ್ತದೆ.

ನಮ್ಮ ಪತ್ರಿಕೆಯಲ್ಲಿ ಒಂದು ಪದ್ಧತಿ ಇತ್ತು. ನಿವೃತ್ತನಾಗುವವನಿಗೆ ಕೊನೆಯ ದಿನ ಅವನ ಪುಟದಲ್ಲೇ ನಾಲ್ಕು ಕಾಲಂ ಜಾಗ. ಹಳೆಯ ನೆನಪು, ಮಾಲೀಕರಿಗೆ ಕೃತಜ್ಞತೆ, ಸಹೋದ್ಯೋಗಿಗಳ ಹೆಸರು. ಅದರಲ್ಲಿ ಸಂಪಾದಕರು ಕೈ ಹಾಕುತ್ತಿರಲಿಲ್ಲ. ಡಿಸೆಂಬರ್ ಕೊನೆಯ ದಿನ ನಾನು ಬರೆದದ್ದು ಇದು:

‘ತಿದ್ದುಪಡಿ. 2019ರ ಮಾರ್ಚ್ ಕೊನೆಗೆ ಬ್ರಿಟನ್ ಬಾಗಿಲು ಬಂದ್ ಆಗಲಿದೆ ಎಂದು ಇದೇ ಪುಟದಲ್ಲಿ ಪ್ರಕಟವಾಗಿತ್ತು. ಬಾಗಿಲು ಬಂದ್ ಆಗಲಿಲ್ಲ. ಆ ಮಾರ್ಚಿಗೂ ಆಗಲಿಲ್ಲ, ಬ್ರಿಟನ್ ಹೊರಬಂದ ಮೇಲೂ ಆಗಲಿಲ್ಲ. ವರದಿಗಾಗಿ ಒಬ್ಬ ರಫ್ತುದಾರರನ್ನೂ ವಿಚಾರಿಸಿರಲಿಲ್ಲ. ಒಪ್ಪಂದವಾದರೆ ಏನೂ ಬದಲಾಗದು ಎಂಬ ಭಾಗವನ್ನು ಜಾಗಕ್ಕಾಗಿ ಕತ್ತರಿಸಲಾಗಿತ್ತು. ಮುಳವಾಡದ ಆಚೆಯ ಬೆಳೆಗಾರ್ತಿ ಮಹಾದೇವಿಯವರು ಈ ವರದಿ ನಂಬಿ, ರಫ್ತಿಗೆ ಸಿದ್ಧವಾಗಿದ್ದ ದ್ರಾಕ್ಷಿಯನ್ನು ಒಣಗಿಸಿದರು. ಅವರು ಹೆದರಿದ್ದಲ್ಲ. ಪತ್ರಿಕೆಯನ್ನು ನಂಬಿದ್ದು. ತಪ್ಪು ಬರೆದವನು ನಾನು. ತಿದ್ದಲು ತಡ ಮಾಡಿದವನೂ ನಾನೇ.’

ಕೆಳಗೆ ನನ್ನ ಹೆಸರು. ಜಾಗ ಇನ್ನೂ ಉಳಿದಿತ್ತು, ಹಾಗಾಗಿ ಅಕ್ಷರ ದೊಡ್ಡದು ಮಾಡಿಸಿದೆ. ದೇಸಾಯಿ ಸರ್ ಪ್ರೂಫ್ ಓದಿ ಕನ್ನಡಕ ತೆಗೆದರು.

“ಇಷ್ಟ ವರ್ಷದ್ದು ಬರಿ ಅಂದ್ರ ಒಂದು ತಪ್ಪು ಬರದೀಯಲ್ಲೋ. ನನ್ನ ಹೆಸರೂ ಹಾಕಬೇಕಿತ್ತು. ತಡಿ ಅಂದಾವ ನಾನು.”

“ತಡದಾವ ನಾನ್ರಿ ಸರ್.”

ಅವರು ಕೆಂಪು ಪೆನ್ನು ಬಿಚ್ಚಿದರು, ಏನೂ ತಿದ್ದದೆ ಮತ್ತೆ ಮುಚ್ಚಿದರು.

ಮರುದಿನ ಸೋಮವಾರವಲ್ಲದಿದ್ದರೂ ಫೋನ್ ಬಂತು.

“ಅಣ್ಣಾರ, ಓದಿದ್ನಿ. ಹಳೇ ತುಂಡಿನ ಮ್ಯಾಲ ಇಟ್ಟು ನೋಡಿದ್ನಿ. ಸರಿಯಾಗೇತಿ. ನಾಲ್ಕ ಕಾಲಂ.”

ಅಳತೆ ಮಾಡಿದ್ದರು! ಮುಂದಿನ ವಾರ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ಬಾವಿಯ ಪಂಪ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿಯ ಮೇಲೆ ಮೊಳೆ ಹೊಡೆದರಂತೆ. ತನ್ನ ಪಾಳಿ ಬಂದಾಗ ಶಿವಪ್ಪ ಅದನ್ನು ಓದದೆ ಮೋಟರು ಹಚ್ಚುವಂತಿಲ್ಲ. ಮೊದಲ ದಿನ ಓದಿ, ನೀರು ಬಿಟ್ಟುಕೊಂಡು ಹೋದನಂತೆ. ಎರಡನೇ ಪಾಳಿಗೆ ಬಂದಾಗ ಗೋಡೆಯಾಚೆಯಿಂದ ಕೂಗಿದನಂತೆ: “ವೈನಿ, ಇಷ್ಟ ಮಂದಿಗೆ ಗೊತ್ತಾಗೂದಿದ್ರ, ನಕ್ಕಾವ ಅಂತ ನನ್ನ ಹೆಸರೂ ಹಾಕಸಬೇಕಿತ್ತು.” ಅದರ ನಂತರ ಬಾವಿಯ ಮೇಲೆ ‘ಹೆದರಿದ್ಲು’ ಎಂಬ ಮಾತು ಬರಲಿಲ್ಲ. ಮರುವರ್ಷ ಅವನೂ ಹಣ್ಣಿನ ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂದು ಕೇಳಿದನಂತೆ. ಇದನ್ನು ಅಕ್ಕ ಎರಡು ಸಲ ಹೇಳಿದರು.

ನಾನೀಗ ಓದುಗ. ಬ್ರಿಟನ್ನಿನಲ್ಲಿ ಸರ್ಕಾರ ಬದಲಾಗಿದೆ. ಹಳೆಯ ಆಡಳಿತ ಪಕ್ಷ ವಿರೋಧದಲ್ಲಿ ಕುಳಿತಿದೆ. ಹೊಸ ಪಕ್ಷ ಯುರೋಪಿನ ಜೊತೆ ಮತ್ತೆ ಮಾತುಕತೆಗೆ ಕೂತಿದೆ. ಬಿಟ್ಟು ಬಂದ ಮನೆಯ ಅಂಗಳಕ್ಕೆ ದಿನಕ್ಕೊಂದು ನೆವ ಹೇಳಿಕೊಂಡು ಹೋಗುವ ಮನುಷ್ಯನ ಹಾಗೆ ಕಾಣುತ್ತದೆ. ಏಳನೇ ಪುಟದಲ್ಲಿ ಅದನ್ನು ಈಗ ಬೇರೆಯವರು ಬರೆಯುತ್ತಾರೆ. ಮೊನ್ನೆ ಫೆಬ್ರುವರಿಯಲ್ಲಿ, ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅಕ್ಕನ ಫೋನ್.

“ಹೊಳ್ಳಿ ಒಳಗ ಬರ್ತಾರಂತಲ್ರಿ ನಿಮ್ಮ ಬ್ರಿಟನ್‌ದವ್ರು? ಪೇಪರಿನ್ಯಾಗ ಬಂದೈತಿ. ಖರೇ ಏನು?”

ಹಳೆಯ ಚಟ, ಒಂದು ಶೀರ್ಷಿಕೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನನಗ ಗೊತ್ತಿಲ್ಲ ಅಕ್ಕಾರ.”



“ಗೊತ್ತಿಲ್ಲ ಅನ್ನೂದನ್ನ ಅವತ್ತ ಪೇಪರಿನ್ಯಾಗ ಬರದಿದ್ರ ಒಂದ ಸಾಲ ಆಗ್ತಿತ್ತಲ್ರಿ ಅಣ್ಣಾರ,” ಎಂದರು. ಹಿಂದೆ ಟೆಂಪೊ ಬಂದು ನಿಂತ ಸದ್ದು, ಕ್ರೇಟುಗಳನ್ನು ಇಳಿಸುವ ಸದ್ದು. “ಕಡಿಯಾಕ ಬಂದಾರ. ಇಡ್ತೇನಿ.”